ಪುಸ್ತಕದಲ್ಲಿರುವ ಹಠಯೋಗ, ಹನುಮಂತನಗರದ ನನ್ನ ಹಠಯೋಗ

ಹಠಯೋಗ ಪ್ರದೀಪಿಕೆಯಲ್ಲಿ ಸೂರ್ಯನಮಸ್ಕಾರ ಇಲ್ಲ. ತ್ರಿಕೋನಾಸನ ಇಲ್ಲ. ನಿಂತು ಮಾಡುವ ಆಸನ ಒಂದೂ ಇಲ್ಲ. ಸ್ವಾತ್ಮಾರಾಮ ಎಂಬ ಯೋಗಿ 15ನೇ ಶತಮಾನದಲ್ಲಿ ಬರೆದ ಪುಸ್ತಕ ಅದು. ಶಿವ 84 ಆಸನ ಹೇಳಿದ್ದಾನೆ ಅಂತ ಹೇಳಿ ಅವನು ವಿವರಿಸುವುದು ಬರೀ 15. ಅದರಲ್ಲೂ ಹೆಚ್ಚಿನವು ಕೂತು ಮಾಡುವಂಥವು, ಜೊತೆಗೆ ಮಯೂರಾಸನದಂಥ ಒಂದೆರಡು ಕಷ್ಟದವು, ಮಲಗುವುದಕ್ಕೆ ಶವಾಸನ. ಮೊದಲ ಅಧ್ಯಾಯದಲ್ಲೇ ಆಸನ ಮುಗಿಸಿ, ಎರಡರಲ್ಲಿ ಉಸಿರು, ಮೂರರಲ್ಲಿ ಮುದ್ರೆ ಮತ್ತು ಬಂಧ (ಮೈಯ ಕೆಲವು ಭಾಗ ಬಿಗಿಹಿಡಿದು ಮಾಡುವ ಕ್ರಮಗಳು), ನಾಲ್ಕರಲ್ಲಿ ಸಮಾಧಿ ಅಂತ ಮುಂದೆ ಹೋಗಿಬಿಡುತ್ತಾನೆ.

ನಮ್ಮ ಬಡಾವಣೆಯ ಬೆಳಗಿನ ಕ್ಲಾಸಿನಲ್ಲಿ ಲೆಕ್ಕ ಉಲ್ಟಾ. ಮುಕ್ಕಾಲು ಗಂಟೆ ಆಸನ, ಕೊನೆಗೆ ಐದು ನಿಮಿಷ ಪ್ರಾಣಾಯಾಮ, ಅದೂ ಎಲ್ಲರೂ ಆಫೀಸಿಗೆ ಹೊರಡುವ ಅವಸರದಲ್ಲಿ ಗಡಿಯಾರ ನೋಡುತ್ತಾ. ನಾನು ಅದನ್ನು ಬೈಯ್ಯುತ್ತಿಲ್ಲ. ಬೆವರು ಸುರಿಸುವ ಈ ಯೋಗಕ್ಕೂ ದೊಡ್ಡ ಇತಿಹಾಸ ಇದೆ, ಅದು ಜಾಸ್ತಿ ನಮ್ಮ ಕರ್ನಾಟಕದ್ದೇ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಯೋಗಗುರು ಕೃಷ್ಣಮಾಚಾರ್ಯರು ಹುಡುಗರಿಗೆ ಕಲಿಸುತ್ತಿದ್ದದ್ದು ಇಂಥ ಚುರುಕಿನ ಯೋಗವನ್ನೇ. ಪಟ್ಟಾಭಿ ಜೋಯಿಸರು, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಇಬ್ಬರೂ ಅವರ ಶಿಷ್ಯರು. ಸ್ವಾತ್ಮಾರಾಮನದು ಬೇರೆ ದಾರಿ, ಮತ್ಸ್ಯೇಂದ್ರ, ಗೋರಕ್ಷರಂಥ ನಾಥ ಸಿದ್ಧರದ್ದು. ಮಂಗಳೂರಿನ ಕದ್ರಿಗೆ ಹೋದವರಿಗೆ ಅಲ್ಲಿನ ಜೋಗಿ ಮಠ ಗೊತ್ತಿರುತ್ತದೆ, ಅದು ಈ ನಾಥರದ್ದೇ. ಅವರಿಗೆ ಆಸನ ಅಂದರೆ ತುಂಬಾ ಹೊತ್ತು ಅಲ್ಲಾಡದೆ ಕೂರಲು ಮೈಯನ್ನು ತಯಾರು ಮಾಡುವ ಕೆಲಸ, ಅಷ್ಟೇ. ನಿಜವಾದ ಕೆಲಸ ಉಸಿರಿನದು. ಉಸಿರು ಅಲ್ಲಾಡಿದರೆ ಮನಸ್ಸು ಅಲ್ಲಾಡುತ್ತದೆ, ಉಸಿರು ನಿಂತರೆ ಮನಸ್ಸೂ ನಿಲ್ಲುತ್ತದೆ ಅಂತ ಸ್ವಾತ್ಮಾರಾಮ ಎರಡನೇ ಅಧ್ಯಾಯದ ಶುರುವಿನಲ್ಲೇ ಹೇಳುತ್ತಾನೆ.

ಹಾಗಾಗಿ ಒಂದು ಬೇಸಿಗೆ ರಜದಲ್ಲಿ (ನಾನು ಹೈಸ್ಕೂಲ್ ಟೀಚರ್) ನನ್ನ ಬೆಳಗನ್ನು ಈ ಪುಸ್ತಕದ ಪ್ರಕಾರ ತಿರುಗಿಸಿದೆ. ಕ್ಲಾಸ್ ಬಿಡಲಿಲ್ಲ, ವಾರದಲ್ಲಿ ಕೆಲವು ದಿನ ಅದು, ಉಳಿದ ದಿನ ಇದು.

ಜಾಗದ ವಿಷಯ ಮೊದಲು. ಒಳ್ಳೆಯ ಆಡಳಿತ ಇರುವ, ತೊಂದರೆಯಿಲ್ಲದ ನಾಡಿನಲ್ಲಿ, ಸಣ್ಣ ಬಾಗಿಲಿನ, ಸಗಣಿ ಸಾರಿಸಿದ ಕುಟೀರ ಬೇಕಂತೆ. ಸುತ್ತ ಒಂದು ಬಿಲ್ಲಿನಷ್ಟು ದೂರ, ಅಂದರೆ ಸುಮಾರು ಆರಡಿ, ಕಲ್ಲು ಬೆಂಕಿ ನೀರು ಇರಬಾರದು. ಬೆಂಗಳೂರಿನ ಹನುಮಂತನಗರದಲ್ಲಿ ಎಲ್ಲಿಂದ ತರೋಣ? ತಾರಸಿಯಲ್ಲಿ ಒಂದು ಕಡೆ ಸೋಲಾರ್, ಇನ್ನೊಂದು ಕಡೆ ನೀರಿನ ಟ್ಯಾಂಕ್, ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯುವ ಸದ್ದು. ಕೊನೆಗೆ ಹಾಲ್‌ನ ಮೂಲೆ ಗಟ್ಟಿ ಮಾಡಿಕೊಂಡೆ. ಯಾರೂ ಏಳುವ ಮುಂಚೆ ಅದೇ ಕುಟೀರ.

ಊಟದ ಪಟ್ಟಿ ಬಂದಾಗ ಮನೆಯಲ್ಲಿ ನಿಜವಾದ ಗಲಾಟೆ. ಗೋಧಿ, ಅಕ್ಕಿ, ಹೆಸರುಕಾಳು, ಹಾಲು, ತುಪ್ಪ, ಶುಂಠಿ ಒಳ್ಳೆಯದು ಅಂತಾನೆ, ಸರಿ. ಬೇಡ ಅನ್ನುವ ಪಟ್ಟಿ ನೋಡಿ: ಹುಳಿ, ಖಾರ, ಉಪ್ಪು, ಎಳ್ಳು, ಸಾಸಿವೆ, ಮೊಸರು, ಮಜ್ಜಿಗೆ, ಹುರುಳಿ, ಇಂಗು, ಬೆಳ್ಳುಳ್ಳಿ. ನಮ್ಮ ಅಡುಗೆಮನೆಯನ್ನೇ ಎತ್ತಿ ಹೊರಗೆ ಹಾಕಿದ ಹಾಗೆ. ಅತ್ತೆ ಕೇಳಿ, "ಇಂಗು ಸಾಸಿವೆ ಇಲ್ಲದೆ ಒಗ್ಗರಣೆ ಹೆಂಗಮ್ಮಾ ಹಾಕೋದು? ನಿಮ್ಮ ಯೋಗಿಗೆ ಹೆಂಡತಿ ಇರಲಿಲ್ವಾ?" ಅಂದರು. ನಾನೂ ಆ ಪಟ್ಟಿ ಬಿಟ್ಟೆ. ಮಠದಲ್ಲಿ ಕೂತು ದಿನಕ್ಕೆ ನಾಲ್ಕು ಹೊತ್ತು ಉಸಿರು ಕಟ್ಟುವವರಿಗೆ ಹೇಳಿದ್ದು ಅದು, ಎರಡು ಬಸ್ ಬದಲಿಸಿ ಕೆಲಸಕ್ಕೆ ಹೋಗುವವರಿಗಲ್ಲ. ಆದರೆ ಎರಡು ಮಾತು ಉಳಿಸಿಕೊಂಡೆ. ಹೊಟ್ಟೆಯ ಕಾಲು ಭಾಗ ಖಾಲಿ ಬಿಡು, ಮತ್ತೆ ಬಿಸಿ ಮಾಡಿದ ಊಟ ಬೇಡ. ಫ್ರಿಡ್ಜ್‌ನ ಹಳೇ ಸಾಂಬಾರ್ ನಿಂತಿತು. ರಾತ್ರಿ ಊಟ ಕಮ್ಮಿಯಾದದ್ದೇ ಬೆಳಗ್ಗೆ ಬೆನ್ನು ಬಗ್ಗುವುದರಲ್ಲಿ ಗೊತ್ತಾಯಿತು.

ಇನ್ನು ಅಭ್ಯಾಸ. ಶುರುವಿನಲ್ಲಿ ಪಶ್ಚಿಮೋತ್ತಾನ, ಮತ್ಸ್ಯೇಂದ್ರಾಸನದ ಸುಲಭ ರೂಪ, ಧನುರಾಸನ, ಸ್ವಲ್ಪ ಹೊತ್ತು ಶವಾಸನ. ಆಮೇಲೆ ದುಪ್ಪಟಿ ಮಡಚಿ ಅದರ ಮೇಲೆ ಕಾಲು ಮಡಚಿ ಕೂರುವ ಸಿದ್ಧಾಸನ. ಕೂರುವ ಜಾಗ ಎತ್ತರವಾಗಿದ್ದರೆ ಮಂಡಿ ನೆಲಕ್ಕೆ ಇಳಿಯುತ್ತದೆ, ಸೊಂಟ ತಾನಾಗೇ ನೆಟ್ಟಗಾಗುತ್ತದೆ. ಇದೊಂದು ಸರಿಹೋಗದಿದ್ದರೆ ಮುಂದಿನದೆಲ್ಲ ಕಾಲು ಜೋಮು ಹಿಡಿಯುವುದರಲ್ಲೇ ಮುಗಿಯುತ್ತದೆ.

ನಾಡಿಶೋಧನ ನನ್ನ ಮುಖ್ಯ ಅಭ್ಯಾಸ. ಬಲಗೈ ಹೆಬ್ಬೆರಳು ಬಲ ಹೊಳ್ಳೆಗೆ, ಉಂಗುರದ ಬೆರಳು ಎಡಕ್ಕೆ. ಎಡದಿಂದ ಎಳೆದು ಬಲದಿಂದ ಬಿಡುವುದು, ಬಲದಿಂದ ಎಳೆದು ಎಡದಿಂದ ಬಿಡುವುದು. ಎಳೆಯಲು ನಾಲ್ಕು ಎಣಿಸಿದರೆ ಬಿಡಲು ಎಂಟು. ಪುಸ್ತಕದಲ್ಲಿ ನಡುವೆ ಕುಂಭಕ, ಅಂದರೆ ಉಸಿರು ಕಟ್ಟಿ ಹಿಡಿಯುವುದು, ಇದೆ. ನಮ್ಮ ಕ್ಲಾಸಿನ ಹಿರಿಯ ಮೇಷ್ಟ್ರು, "ಮೇಡಂ, ಬಿಡೋದು ನೂಲಿನ ಹಾಗೆ ಬರೋ ತನಕ ಕಟ್ಟೋದು ಬೇಡ" ಅಂದರು. ಅವರು ಹೇಳಿದ್ದು ಸರಿ ಅಂತ ಸ್ವಾತ್ಮಾರಾಮನೂ ಹೇಳುತ್ತಾನೆ: ಸಿಂಹ, ಆನೆ, ಹುಲಿಯನ್ನು ಪಳಗಿಸುವ ಹಾಗೆ ಉಸಿರನ್ನು ಮೆಲ್ಲಮೆಲ್ಲಗೆ ಪಳಗಿಸು, ಇಲ್ಲದಿದ್ದರೆ ಅದು ನಿನ್ನನ್ನೇ ಕೊಲ್ಲುತ್ತದೆ. ತಪ್ಪಾಗಿ ಮಾಡಿದರೆ ಬಿಕ್ಕಳಿಕೆ, ಕೆಮ್ಮು, ಉಬ್ಬಸ, ತಲೆನೋವು ಬರುತ್ತವೆ ಅಂತ ಪಟ್ಟಿಯನ್ನೇ ಕೊಡುತ್ತಾನೆ. ಬಿಪಿ ಇರುವವರು, ಗರ್ಭಿಣಿಯರು ಉಸಿರು ಕಟ್ಟುವ ಅಭ್ಯಾಸಕ್ಕೆ ಕೈ ಹಾಕಲೇಬಾರದು.

ಮೂಗು ಶುದ್ಧಿ ಮಾಡುವ ನೇತಿಯಲ್ಲಿ ಮಾತ್ರ ನಾನು ಪುಸ್ತಕದ ಹಾಗೆ ಮಾಡುವುದಿಲ್ಲ. ಅದರಲ್ಲಿರುವುದು ಗೇಣುದ್ದ ದಾರವನ್ನು ಮೂಗಿನಿಂದ ಹಾಕಿ ಬಾಯಿಂದ ತೆಗೆಯುವ ಸೂತ್ರನೇತಿ. ನನಗೆ ಜಲನೇತಿ ಸಾಕು. ಬೆಂಗಳೂರಿನ ಪಾರ್ಥೇನಿಯಂ, ಧೂಳಿಗೆ ಬೆಳಗ್ಗೆ ಎದ್ದ ಕೂಡಲೇ ಸೀನುವವಳು ನಾನು. ಕುದಿಸಿ ಉಗುರು ಬೆಚ್ಚಗೆ ಆರಿಸಿದ ನೀರೇ ಆಗಬೇಕು, ನಲ್ಲಿ ನೀರು, ಬೋರ್ ನೀರು ಹಾಗೇ ಹಾಕಬಾರದು. ಅರ್ಧ ಲೀಟರಿಗೆ ಮುಕ್ಕಾಲು ಟೀ ಚಮಚ ಉಪ್ಪು. ಬಾಯಲ್ಲಿ ಉಸಿರಾಡುತ್ತಾ ತಲೆ ಓರೆ ಮಾಡಿದರೆ ಒಂದು ಹೊಳ್ಳೆಯಿಂದ ಹೋದ ನೀರು ಇನ್ನೊಂದರಿಂದ ಬರುತ್ತದೆ. ಆಮೇಲೆ ಮುಂದೆ ಬಗ್ಗಿ ಮೆಲ್ಲಗೆ ಊದಿ ಮೂಗು ಒಣಗಿಸಬೇಕು, ಎರಡೂ ಹೊಳ್ಳೆ ಒತ್ತಿ ಜೋರಾಗಿ ಸೀಟಿದರೆ ನೀರು ಕಿವಿ ಕಡೆ ಹೋಗುತ್ತದೆ. ಸೀನು ನಿಂತೇಹೋಯಿತು ಅಂತ ಹೇಳಲ್ಲ, ಕಮ್ಮಿಯಾಗಿದೆ.

ಪುಸ್ತಕ ಹೇಳುವ, ಯೋಗ ಕೆಡಿಸುವ ಆರು ಸಂಗತಿಗಳಲ್ಲಿ ಅತಿ ಊಟ, ಅತಿ ಶ್ರಮದ ಜೊತೆಗೆ ಅತಿ ಮಾತೂ ಇದೆ. ದಿನಕ್ಕೆ ಆರು ಪೀರಿಯಡ್ ಮಾತಾಡುವ ಟೀಚರ್‌ಗೆ ಇದನ್ನು ಹೇಳಿದರೆ ಏನು ಮಾಡುವುದು? ಸ್ಟಾಫ್ ರೂಮಿನ ಹರಟೆ ಕಮ್ಮಿ ಮಾಡಿದ್ದೇನೆ, ಅಷ್ಟರ ಮಟ್ಟಿಗೆ ಪಾಸ್.

ಈಗ ಮೇಷ್ಟ್ರು ಚಿಕ್ಕ ಕುಂಭಕಕ್ಕೆ, ಗದ್ದವನ್ನು ಎದೆಗೆ ಒತ್ತುವ ಜಾಲಂಧರ ಬಂಧಕ್ಕೆ ಒಪ್ಪಿದ್ದಾರೆ. ಮೂರನೇ ಅಧ್ಯಾಯದ ಉಳಿದ ಮುದ್ರೆಗಳ ಹತ್ತಿರ ಹೋಗಿಲ್ಲ. ನಾಲಿಗೆಯನ್ನು ಹಿಂದಕ್ಕೆ ಮಡಚಿ ಗಂಟಲ ಕಡೆ ಸೇರಿಸುವ ಖೇಚರಿ ಮುದ್ರೆಗೆ ನಾಲಿಗೆಯ ಕೆಳಗಿನ ಪೊರೆಯನ್ನು ಕೂದಲೆಳೆಯಷ್ಟೇ ಆಗಾಗ ಕುಯ್ಯಬೇಕಂತೆ. ಅದನ್ನು ಅತ್ತೆಗೆ ಇನ್ನೂ ಹೇಳಿಲ್ಲ.