ಬಿಚ್ಚುವುದು ಸಲೀಸು, ಆಮೇಲೆ? ಮನೆಯಂಗಳದ ಕಾರು ರಿಪೇರಿಯಲ್ಲಿ ಮರ್ಯಾದೆ ಉಳಿಸಿಕೊಳ್ಳುವ ಬಗೆ

ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾಗಿದೆ, ಮುಂಗಾರು ಇನ್ನೂ ಘಟ್ಟ ಹತ್ತಿಲ್ಲ. ಹಾಸನ, ಚಿಕ್ಕಮಗಳೂರು ಕಡೆ ಮನೆಯಂಗಳದಲ್ಲೇ ಬಾನೆಟ್ ಎತ್ತಲು ಏಪ್ರಿಲ್–ಮೇಗಿಂತ ಒಳ್ಳೆಯ ಕಾಲವಿಲ್ಲ. ಆಯಿಲ್ ಬದಲಿಸುವುದು, ಬ್ರೇಕ್ ಪ್ಯಾಡ್ ಹಾಕುವುದು, ಬ್ಯಾಟರಿ ಕೂರಿಸುವುದು ಯಾವುದೂ ಬ್ರಹ್ಮವಿದ್ಯೆಯಲ್ಲ. ಆದರೂ ಬೆಳಿಗ್ಗೆ ಬಿಚ್ಚಿದ ಕಾರನ್ನು ಸಂಜೆ ಹಗ್ಗ ಕಟ್ಟಿ ಗ್ಯಾರೇಜಿಗೆ ಎಳೆಸುವವರು ಇದ್ದೇ ಇರುತ್ತಾರೆ.

ಮೆಕ್ಯಾನಿಕ್‌ಗಳು ವರ್ಷಗಟ್ಟಲೆ ನೆನೆಸಿಕೊಂಡು ನಗುವ ಎಡವಟ್ಟುಗಳು ಹೆಚ್ಚಾಗಿ ಕಷ್ಟದ ಕೆಲಸದವಲ್ಲ. ಕಷ್ಟದ ಕೆಲಸಕ್ಕೆ ಕೈ ಹಾಕುವಾಗ ಭಯವಿರುತ್ತದೆ, ಹಾಗಾಗಿ ನಾಲ್ಕು ಸಲ ನೋಡುತ್ತೇವೆ. ಮಾನ ಹೋಗುವುದು ಒಂದೇ ಥರ ಕಾಣುವ ಎರಡು ವಸ್ತು ಇರುವ ಕಡೆ: ಆಯಿಲ್ ಇಳಿಸುವ ಎರಡು ಡ್ರೈನ್ ಪ್ಲಗ್, ಬ್ಯಾಟರಿಯ ಎರಡು ಟರ್ಮಿನಲ್, ಎರಡು ಮುಖದ ನಟ್ಟು, ಅಕ್ಕಪಕ್ಕದ ಎರಡು ಬಿಳಿ ಡಬ್ಬ.

ಮೊದಲು ಜಾಗದ ಮಾತು. ಸಮತಟ್ಟಾದ ಗಟ್ಟಿ ನೆಲವೆಂದು ಕಾಫಿ ಕಣಕ್ಕೇ ಕಾರು ತರುವವರುಂಟು. ತನ್ನಿ, ಆದರೆ ಕೆಳಗೆ ದಪ್ಪ ಟಾರ್ಪಾಲು, ಅದರ ಮೇಲೆ ರಟ್ಟು ಹಾಸಿ. ಕಾಫಿ ಬೀಜ ಅಕ್ಕಪಕ್ಕದ ವಾಸನೆಯನ್ನು ಬೇಗ ಹೀರುತ್ತದೆ. ಕಣಕ್ಕೆ ಆಯಿಲ್ ಇಳಿದರೆ ಮುಂದಿನ ಕೊಯ್ಲಿನಲ್ಲಿ ಮನೆಯವರ ಬೈಗುಳ ತಪ್ಪಿದ್ದಲ್ಲ.

ಆಯಿಲ್: ಖಾಲಿಯಾದದ್ದು ಯಾವುದು?

ಎಡವಟ್ಟುಗಳ ರಾಜ ಇದು. ಕಾರಿನಡಿ ಮಲಗಿ ಕಂಡ ಮೊದಲ ಪ್ಲಗ್ ಬಿಚ್ಚುತ್ತಾರೆ, ಆಯಿಲ್ ಇಳಿಯುತ್ತದೆ, ಪ್ಲಗ್ ಹಾಕಿ ಮೇಲಿನಿಂದ ಹೊಸ ಆಯಿಲ್ ಸುರಿಯುತ್ತಾರೆ. ಇಳಿದದ್ದು ಗೇರ್‌ಬಾಕ್ಸಿನದು, ಸುರಿದದ್ದು ಎಂಜಿನ್ನಿಗೆ. ಈಗ ಗೇರ್‌ಬಾಕ್ಸ್ ಒಣಗಿದೆ, ಎಂಜಿನ್ನಿನಲ್ಲಿ ಇಮ್ಮಡಿ ಆಯಿಲ್ ಇದೆ. ಎಂಜಿನ್ನಿನ ತಳದಲ್ಲಿ ತಿರುಗುವ ಕ್ರ್ಯಾಂಕ್ ಶಾಫ್ಟ್ ಆ ಹೆಚ್ಚುವರಿ ಆಯಿಲನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಎಬ್ಬಿಸುತ್ತದೆ. ಪಂಪು ನೊರೆಯನ್ನೇ ಎಳೆದಾಗ ಒತ್ತಡ ಬೀಳುತ್ತದೆ, ಸೀಲುಗಳಲ್ಲಿ ಆಯಿಲ್ ಜಿನುಗುತ್ತದೆ, ಸೈಲೆನ್ಸರಿನಲ್ಲಿ ಹೊಗೆ ಬರುತ್ತದೆ. ಹಾಗೇ ಹತ್ತಾರು ಕಿಲೋಮೀಟರ್ ಓಡಿಸಿದರೆ ಗೇರ್‌ಬಾಕ್ಸಿನ ಬೇರಿಂಗ್ ಸುಟ್ಟು ಹಿಡಿದುಕೊಳ್ಳುತ್ತದೆ.

ಗುರುತು ಹೀಗೆ. ಮುಂಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟ್‌ಗಳು ಹೊರಡುವ, ಮೈತುಂಬ ಏಣುಗಳಿರುವ ಅಲ್ಯೂಮಿನಿಯಂ ಎರಕ ಗೇರ್‌ಬಾಕ್ಸ್. ಎಂಜಿನ್ನಿನ ಆಯಿಲ್ ಚೇಂಬರ್ ತಟ್ಟೆಯಂತೆ ಬ್ಲಾಕಿನ ತಳಕ್ಕೆ ಅಂಟಿಕೊಂಡಿರುತ್ತದೆ. ಅನುಮಾನವಿದ್ದರೆ ಪ್ಲಗ್ಗನ್ನು ಪೂರ್ತಿ ಬಿಚ್ಚದೆ ಸಡಿಲಿಸಿ ಎರಡು ಹನಿ ಬೆರಳಿಗೆ ಹಿಡಿಯಿರಿ. ಐದು ಸಾವಿರ ಕಿಲೋಮೀಟರ್ ಓಡಿದ ಎಂಜಿನ್ ಆಯಿಲ್ ಕಪ್ಪಗೆ, ನೀರಾಗಿರುತ್ತದೆ. ಗೇರ್ ಆಯಿಲ್ ಜೇನಿನ ಬಣ್ಣದ್ದು, ಗಂಧಕದ ನಾತ ಮೂಗಿಗೆ ಹೊಡೆಯುತ್ತದೆ. ಜೇನು ಕಂಡರೆ ಅಲ್ಲೇ ಬಿಗಿ ಮಾಡಿ.

ಸರಿಯಾದ ಕ್ರಮ:

1. ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿ. ಆಯಿಲ್ ಬೆಚ್ಚಗಿದ್ದರೆ ಸಾಕು, ಕೈ ಸುಡುವಷ್ಟು ಬೇಡ. ಮೇಲಿನ ಮುಚ್ಚಳ ತೆಗೆದಿಡಿ.

2. ಚೇಂಬರಿನ ಪ್ಲಗ್ ಹೆಚ್ಚಿನ ಸಣ್ಣ ಕಾರುಗಳಲ್ಲಿ 14 ಅಥವಾ 17 ಮಿ.ಮೀ. ರಿಂಗ್ ಸ್ಪ್ಯಾನರ್ ಬಳಸಿ. ಬಾಯಿ ತೆರೆದ ಸ್ಪ್ಯಾನರ್ ಜಾರಿ ತಲೆಯ ಮೂಲೆಗಳನ್ನು ಸವೆಸುತ್ತದೆ. ಬಿಚ್ಚಿದ ಪ್ಲಗ್ಗನ್ನೂ ಕಾರಿನ ಕೀಲಿಯನ್ನೂ ಒಂದೇ ಡಬ್ಬಿಯಲ್ಲಿ ಹಾಕಿಡಿ. ಪ್ಲಗ್ ನೆನಪಾಗದೆ ಕೀಲಿ ಕೈಗೆ ಬರುವುದಿಲ್ಲ. ಕೆಳಗೆ ತೂತು ಬಿಟ್ಟು ಮೇಲೆ ಮೂರು ಲೀಟರ್ ಸುರಿಯುವವರ ಸಂಖ್ಯೆ ನೀವು ಅಂದುಕೊಂಡಷ್ಟು ಕಡಿಮೆಯೇನಲ್ಲ.

3. ಹತ್ತು ಹದಿನೈದು ನಿಮಿಷ ಸೋರಲು ಬಿಡಿ. ಹೊಸ ವಾಷರ್ ಹಾಕಿ, ಪ್ಲಗ್ಗನ್ನು ಮೊದಲ ನಾಲ್ಕು ಸುತ್ತು ಬರಿಗೈಯಲ್ಲೇ ತಿರುಗಿಸಿ. ಬರಿಗೈಗೆ ಬಗ್ಗದಿದ್ದರೆ ಅಡ್ಡ ಕೂತಿದೆ ಎಂದರ್ಥ, ಸ್ಪ್ಯಾನರಿನಿಂದ ಬಗ್ಗಿಸಲು ಹೋಗಬೇಡಿ. ಸಾಮಾನ್ಯವಾಗಿ ಬೇಕಾದ ಬಿಗಿ 30ರಿಂದ 40 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲದವರಿಗೆ, 20 ಸೆಂ.ಮೀ. ಸ್ಪ್ಯಾನರಿನ ತುದಿಯಲ್ಲಿ ತುಂಬಿದ ಕೊಡ ಎತ್ತುವಷ್ಟು ಬಲ. ಕಾಲಲ್ಲಿ ಒದ್ದು ಬಿಗಿ ಮಾಡಿದರೆ ಅಲ್ಯೂಮಿನಿಯಂ ಚೇಂಬರಿನ ಥ್ರೆಡ್ ಕಿತ್ತು ಬರುತ್ತದೆ. ಆಮೇಲೆ ಲೇಥ್ ಅಂಗಡಿಯೇ ಗತಿ.

4. ಹಳೆಯ ಫಿಲ್ಟರ್ ಬಿಚ್ಚಿದ ಕೂಡಲೇ ಅದರ ತಳ ನೋಡಿ. ಕಪ್ಪು ರಬ್ಬರ್ ಉಂಗುರ ಅದರಲ್ಲೇ ಇದೆಯೇ? ಇಲ್ಲದಿದ್ದರೆ ಎಂಜಿನ್ನಿಗೆ ಅಂಟಿಕೊಂಡು ಕೂತಿದೆ. ಅದರ ಮೇಲೇ ಹೊಸ ಫಿಲ್ಟರ್ ಹಾಕಿದರೆ ಉಂಗುರ ಎರಡಾಗುತ್ತದೆ. ಸ್ಟಾರ್ಟ್ ಮಾಡಿದ ಮೊದಲ ನಿಮಿಷ ಏನೂ ಆಗದೇ ಇರಬಹುದು. ಒತ್ತಡ ಏರಿದಾಗ ಒಂದು ಉಂಗುರ ಪಕ್ಕಕ್ಕೆ ಜಾರಿ ಆಯಿಲ್ ಪಿಚಕಾರಿಯಂತೆ ಚಿಮ್ಮುತ್ತದೆ. ಹೊಸ ಉಂಗುರಕ್ಕೆ ಆಯಿಲ್ ಸವರಿ, ಅದು ತಾಕಿದ ಮೇಲೆ ಬರಿಗೈಯಲ್ಲಿ ಮುಕ್ಕಾಲು ಸುತ್ತು.

5. ಮೂರು ಲೀಟರ್ ಹಿಡಿಯುವ ಎಂಜಿನ್ನಿಗೆ ಮೊದಲು ಎರಡೂವರೆ ಲೀಟರ್ ಮಾತ್ರ ಹಾಕಿ. ಒಂದು ನಿಮಿಷ ಓಡಿಸಿ ನಿಲ್ಲಿಸಿ, ಐದು ನಿಮಿಷ ಕಾದು ಆಯಿಲ್ ಕಡ್ಡಿ ನೋಡುತ್ತಾ ಸ್ವಲ್ಪ ಸ್ವಲ್ಪವೇ ಸೇರಿಸಿ. ಕಡಿಮೆಯಾದರೆ ಹಾಕಬಹುದು, ಹೆಚ್ಚಾದದ್ದನ್ನು ತೆಗೆಯಲು ಮತ್ತೆ ಕಾರಿನಡಿ ಮಲಗಬೇಕು.

ಹಳೆಯ ಆಯಿಲನ್ನು ಬೇಲಿ ಗೂಟಕ್ಕೆ ಗೆದ್ದಲು ಬರದಿರಲಿ ಎಂದು ಬಳಿಯುವ ರೂಢಿ ನಮ್ಮಲ್ಲಿ ಹಳೆಯದು. ಮಳೆಗೆ ಅದು ತೊಳೆದು ಸೇರುವುದು ತೋಡಿಗೆ, ಅಲ್ಲಿಂದ ಹೇಮಾವತಿಗೋ ಭದ್ರೆಗೋ. ಡಬ್ಬಕ್ಕೆ ತುಂಬಿ ಗ್ಯಾರೇಜಿಗೆ ಕೊಡಿ. ಅವರ ಬಳಿಯಿಂದ ಹಳೆ ಆಯಿಲ್ ಒಯ್ಯುವವರಿರುತ್ತಾರೆ.

ಚಕ್ರ: ಗೇರ್ ಹಾಕಿದ್ದೇನಲ್ಲ!

ಇಳಿಜಾರಿನಲ್ಲಿ ಕಾರು ನಿಲ್ಲಿಸಿ ಮೊದಲ ಗೇರ್ ಹಾಕಿದರೆ ಉರುಳುವುದಿಲ್ಲ ಎಂಬ ನಂಬಿಕೆ ಜಾಕ್ ಏರಿಸಿದ ಕ್ಷಣಕ್ಕೆ ಸುಳ್ಳಾಗುತ್ತದೆ. ಮುಂಚಕ್ರ ಎಳೆಯುವ ಕಾರಿನಲ್ಲಿ ಒಂದು ಮುಂಚಕ್ರ ಗಾಳಿಗೆ ಎದ್ದರೆ, ಎರಡೂ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಆ ಚಕ್ರವನ್ನು ಸುಮ್ಮನೆ ತಿರುಗಲು ಬಿಡುತ್ತದೆ, ನೆಲದ ಮೇಲಿರುವ ಇನ್ನೊಂದಕ್ಕೆ ಗೇರಿನ ಹಿಡಿತವೇ ಇರುವುದಿಲ್ಲ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂಚಕ್ರಗಳನ್ನು ಮಾತ್ರ. ಅವುಗಳಲ್ಲೊಂದನ್ನು ಎತ್ತಿದರೆ ಅರ್ಧ ಹಿಡಿತ ಹೋಯಿತು. ಹಾಗಾಗಿ ಎತ್ತುವ ಚಕ್ರಕ್ಕೆ ಓರೆಯಾಗಿ ಎದುರಿರುವ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟೇ ಜಾಕ್ ಮುಟ್ಟಬೇಕು.

ಮಲೆನಾಡಿನ ಕೆಮ್ಮಣ್ಣು ಮಳೆಯಲ್ಲಿ ಗಟ್ಟಿಯಾಗಿ ಕಂಡರೂ ಜಾಕಿನ ಪುಟ್ಟ ಪಾದ ಇಳಿದುಬಿಡುತ್ತದೆ. ಒಂದಡಿ ಚೌಕದ, ಎರಡಿಂಚು ದಪ್ಪದ ಹಲಗೆಯೊಂದು ಡಿಕ್ಕಿಯಲ್ಲಿ ಸದಾ ಇರಲಿ. ತೋಟದಲ್ಲಿ ಸಿಲ್ವರ್ ಓಕ್ ತುಂಡಿಗೇನು ಬರ? ಜಾಕ್ ಕೂರಿಸಬೇಕಾದದ್ದು ಬಾಗಿಲಿನ ಕೆಳಗಿನ ಅಂಚಿನಲ್ಲಿ ಎರಡು ಕಚ್ಚು ಇರುವಲ್ಲಿ. ಬೇರೆಲ್ಲಾದರೂ ಕೊಟ್ಟರೆ ತಗಡು ಒಳಕ್ಕೆ ಮಡಚುತ್ತದೆ. ಕಾರಿನೊಂದಿಗೆ ಬರುವ ಜಾಕ್ ಚಕ್ರ ಬದಲಿಸಲು ಮಾತ್ರ. ಅದರ ಮೇಲೆ ನಿಂತ ಕಾರಿನಡಿ ಕೈಯನ್ನೂ ಚಾಚಬಾರದು. ಅಡಿ ಸೇರಬೇಕಾದರೆ ಗಟ್ಟಿ ಸ್ಟ್ಯಾಂಡ್ ಕೊಡಿ.

ಇನ್ನು ನಟ್ಟು. ಒಂದು ಮುಖ ಚಪ್ಪಟೆ, ಇನ್ನೊಂದು ಶಂಕುವಿನಂತೆ ಓರೆ. ಓರೆ ಮುಖ ಚಕ್ರದ ಕಡೆಗೆ. ಕತ್ತಲಲ್ಲಿ ತಿರುಗುಮುರುಗಾಗಿ ಹಾಕಿದರೂ ಬಿಗಿಯಾಗುತ್ತದೆ, ಅದೇ ಅಪಾಯ. ಚಕ್ರ ನಡುವೆ ಕೂರದೆ ಅಲ್ಲಾಡುತ್ತಾ ಇಪ್ಪತ್ತು ಕಿಲೋಮೀಟರಿನಲ್ಲೇ ಸಡಿಲವಾಗಬಹುದು. ನೆಲದ ಮೇಲಿರುವಾಗಲೇ ನಟ್ಟು ಸಡಿಲಿಸಿ, ಎತ್ತಿದ ಮೇಲೆ ಬಿಚ್ಚಿ. ಹಾಕುವಾಗ ಒಂದು ಬಿಟ್ಟು ಒಂದರಂತೆ ಎದುರುಬದುರು ಬಿಗಿ ಮಾಡಿ. ಸಣ್ಣ ಕಾರುಗಳಿಗೆ 85ರಿಂದ 110 ನ್ಯೂಟನ್ ಮೀಟರ್ ಸಾಕು. ಎಂದರೆ 30 ಸೆಂ.ಮೀ. ಹಿಡಿಯ ತುದಿಗೆ ಮೂವತ್ತು ಮೂವತ್ತೈದು ಕೆ.ಜಿ. ಒತ್ತು. ಹಿಡಿಯ ಮೇಲೆ ಹತ್ತಿ ಕುಣಿದರೆ ಸ್ಟಡ್ ತುಂಡಾಗುತ್ತದೆ. ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ.

ಬ್ರೇಕ್: 'ಆಯಿಲ್' ಅಂದದ್ದೇ ತಪ್ಪು

ಬ್ರೇಕಿನ ದ್ರವಕ್ಕೆ ನಾವೆಲ್ಲ ಬ್ರೇಕ್ ಆಯಿಲ್ ಎನ್ನುತ್ತೇವೆ. ಆ ಹೆಸರೇ ಜನರನ್ನು ಹಳ್ಳಕ್ಕೆ ಕೆಡವುತ್ತದೆ. ಅದು ಎಣ್ಣೆಯೇ ಅಲ್ಲ, ಗ್ಲೈಕಾಲ್. ಡಬ್ಬಿಯಲ್ಲಿ ಕಡಿಮೆಯಾಗಿದೆಯೆಂದು ಮನೆಯಲ್ಲಿದ್ದ ಎಂಜಿನ್ ಆಯಿಲೋ ಪವರ್ ಸ್ಟೀರಿಂಗ್ ಆಯಿಲೋ ಹೊಯ್ದರೆ ಒಳಗಿನ ರಬ್ಬರ್ ಸೀಲುಗಳು ಊದಿಕೊಂಡು ಬ್ರೇಕ್ ಜಾಮ್ ಆಗುತ್ತದೆ, ಇಲ್ಲವೇ ಹಿಡಿಯುವುದೇ ಇಲ್ಲ. ಪೆಡಲ್ ಒತ್ತುವ ಮಾಸ್ಟರ್ ಸಿಲಿಂಡರಿನಿಂದ ಹಿಡಿದು ಪ್ಯಾಡುಗಳನ್ನು ಡಿಸ್ಕಿಗೆ ಅದುಮುವ ಕ್ಯಾಲಿಪರ್‌ವರೆಗೆ ರಬ್ಬರ್ ಇರುವುದನ್ನೆಲ್ಲ ಬದಲಿಸಬೇಕಾದೀತು. ತಪ್ಪಿ ಹಾಕಿದ್ದೀರಾ? ಪೆಡಲ್ ಒತ್ತಲೇಬೇಡಿ. ಒತ್ತಿದಷ್ಟೂ ಅದು ಮುಂದಕ್ಕೆ ಸಾಗುತ್ತದೆ.

ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಅಚ್ಚಾಗಿರುತ್ತದೆ, ಅದನ್ನೇ ಕೊಳ್ಳಿ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ತೇವ ಹೀರಿಕೊಂಡ ಮೇಲೆ ಆ ಮಿತಿ 155ರ ಹತ್ತಿರಕ್ಕೆ ಇಳಿಯುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿಗೆ ಬ್ರೇಕ್ ಮೇಲೇ ಕಾಲಿಟ್ಟು ಇಳಿಯುವವರಿಗೆ ಈ ಅಂತರ ದೊಡ್ಡದು. ಎರಡು ವರ್ಷಕ್ಕೊಮ್ಮೆ ಬದಲಿಸಿ. ಅರ್ಧ ಬಳಸಿ ಷೆಡ್ಡಿನಲ್ಲಿಟ್ಟ ಬಾಟಲಿಯೂ ಮಲೆನಾಡಿನ ತೇವ ಹೀರಿರುತ್ತದೆ, ಅದರ ಆಸೆ ಬಿಡಿ.

ಪ್ಯಾಡ್ ಬದಲಿಸುವಾಗ ಮೊದಲು ಸಿರಿಂಜಿನಿಂದ ಡಬ್ಬಿಯ ದ್ರವ ಸ್ವಲ್ಪ ಹೊರತೆಗೆಯಿರಿ. ಕ್ಯಾಲಿಪರಿನ ಪಿಸ್ಟನ್ ಒಳಕ್ಕೆ ಒತ್ತಿದಾಗ ದ್ರವ ಹಿಂದಕ್ಕೆ ನುಗ್ಗಿ ಉಕ್ಕುತ್ತದೆ, ಬಿದ್ದ ಕಡೆ ಪೇಂಟ್ ಎಬ್ಬಿಸುತ್ತದೆ. ಕ್ಯಾಲಿಪರ್ ಹೋಸಿನಲ್ಲಿ ಜೋತಾಡಬಾರದು, ಕಟ್ಟುತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿ. ಪ್ಯಾಡಿನ ಒಂದು ಮುಖ ಕಬ್ಬಿಣ, ಇನ್ನೊಂದು ಉಜ್ಜುವ ಮುಖ. ಕಬ್ಬಿಣದ ಮುಖ ಡಿಸ್ಕಿನ ಕಡೆಗೆ ಹಾಕಿ ಓಡಿಸಿದವರಿದ್ದಾರೆ ಎಂದರೆ ನಂಬಲಾರಿರಿ. ಮೊದಲ ಬ್ರೇಕಿಗೇ ಕರ್ರೆಂದು ಊರೆಲ್ಲ ಕೇಳುತ್ತದೆ, ಡಿಸ್ಕ್ ಕೆತ್ತಿಹೋಗುತ್ತದೆ. ಕ್ಯಾಲಿಪರ್ ಮುಚ್ಚುವ ಮುಂಚೆ ಬೆರಳು ತೂರಿಸಿ ಸವರಿ ನೋಡಿ, ಡಿಸ್ಕಿಗೆ ಎದುರಾಗಿ ಒರಟು ತಾಗಬೇಕು.

ಎಲ್ಲ ಮುಗಿಯಿತು ಎಂದು ಕಾರು ಹಿಂದಕ್ಕೆ ತೆಗೆದು ಕಾಂಪೌಂಡಿಗೆ ಗುದ್ದುವುದು ಇದರ ಕೊನೆಯ ಅಂಕ. ಒಳಗೆ ಸರಿದ ಪಿಸ್ಟನ್ ಮತ್ತೆ ಪ್ಯಾಡಿಗೆ ತಾಗುವವರೆಗೆ ಪೆಡಲ್ ನೆಲಕ್ಕೆ ಹೋಗುತ್ತದೆ. ಸ್ಟಾರ್ಟ್ ಮಾಡುವ ಮುಂಚೆಯೇ ಎಂಟು ಹತ್ತು ಸಲ ಒತ್ತಿ, ಪೆಡಲ್ ಗಟ್ಟಿಯಾದ ಮೇಲೆ ಡಬ್ಬಿಯ ಮಟ್ಟ ನೋಡಿ. ಆಮೇಲೆ ಸಮತಟ್ಟು ರಸ್ತೆಯಲ್ಲಿ ಇಪ್ಪತ್ತರ ವೇಗದಲ್ಲಿ ನಾಲ್ಕು ಸಲ ಹಿಡಿದು ಬಿಡಿ. ಶಿರಾಡಿ, ಚಾರ್ಮಾಡಿ ಅಂದೇ ಬೇಡ.

ಬ್ಯಾಟರಿ: ಯಾವುದು ಮೊದಲು?

ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಕಾರಿನ ಮೈಯೆಲ್ಲ ನೆಗೆಟಿವ್ ಆದ್ದರಿಂದ, ನೆಗೆಟಿವ್ ಕೂತಿರುವಾಗ ಪಾಸಿಟಿವ್ ಬಿಚ್ಚುವ 10 ಮಿ.ಮೀ. ಸ್ಪ್ಯಾನರ್ ಆ ಮೈಗೆ ತಾಗಿದರೆ ನೇರ ಶಾರ್ಟ್. ಸ್ಪ್ಯಾನರ್ ಬೆಸುಗೆಯಾಗಿ ಕೆಂಪಗೆ ಕಾಯುತ್ತದೆ. ಕೈಯಲ್ಲಿ ಉಂಗುರ, ಸ್ಟೀಲ್ ವಾಚು ಇದ್ದರೆ ತೆಗೆದಿಡಿ.

ಅಂಗಡಿಯಲ್ಲಿ 35 ಆಂಪಿಯರ್ ಅವರ್ ಎಂದಷ್ಟೇ ಕೇಳಿ ತಂದರೆ ಸಾಲದು. ಒಂದೇ ಅಳತೆಯ ಬ್ಯಾಟರಿ ಪಾಸಿಟಿವ್ ಎಡಕ್ಕಿರುವುದು, ಬಲಕ್ಕಿರುವುದು ಎರಡೂ ಸಿಗುತ್ತವೆ. ತಪ್ಪಾದದ್ದು ತಂದರೆ ಕೇಬಲ್ ಮೋಟಾಗುತ್ತದೆ, ಆಗ ಕೈ ತಾನಾಗಿ ಹತ್ತಿರದ ಕಂಬಕ್ಕೇ ಸಿಕ್ಕಿಸುತ್ತದೆ. ಪಾಸಿಟಿವ್ ಕಂಬ ತುಸು ದಪ್ಪ. ಕ್ಲ್ಯಾಂಪ್ ಒಂದು ಕಡೆ ಬಿಗಿ, ಇನ್ನೊಂದು ಕಡೆ ದೊಗಳೆ ಅನ್ನಿಸಿದರೆ ನಿಲ್ಲಿಸಿ. ಅದಲುಬದಲಾಗಿ ತಾಗಿಸಿದರೆ ಮುಖ್ಯ ಫ್ಯೂಸ್ ಹೋದರೆ ಪುಣ್ಯ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಡಯೋಡ್ ಸುಟ್ಟರೆ ಸಾವಿರಗಟ್ಟಲೆ ಖರ್ಚು. ಹಳೆಯ ಬ್ಯಾಟರಿ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ಅಂಗಡಿಗೆ ಒಯ್ಯಿರಿ.

ಸಣ್ಣಪುಟ್ಟವು

ಕೂಲೆಂಟ್ ಡಬ್ಬ, ಗಾಜು ತೊಳೆಯುವ ನೀರಿನ ಡಬ್ಬ ಎರಡೂ ಬಿಳಿ ಪ್ಲಾಸ್ಟಿಕ್. ಮುಚ್ಚಳದ ಮೇಲೆ ವೈಪರ್ ಚಿತ್ರವಿದ್ದದ್ದು ನೀರಿಗೆ. ಶಾಂಪೂ ನೀರು ಕೂಲೆಂಟಿಗೆ ಬಿದ್ದಿದ್ದರೆ ಸ್ಟಾರ್ಟ್ ಮಾಡದೆ ತೆಗೆಸಿ. ಕೂಲೆಂಟ್ ಕ್ಯಾನಿನ ಮೇಲೆ ರೆಡಿ ಮಿಕ್ಸ್ ಎಂದಿದ್ದರೆ ಮತ್ತೆ ನೀರು ಬೆರೆಸಬೇಡಿ. ಗಟ್ಟಿ ಕೂಲೆಂಟ್ ಆದರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್. ಅರಸೀಕೆರೆ, ಕಡೂರು ಕಡೆಯ ಗಡಸು ಬೋರ್‌ವೆಲ್ ನೀರು ರೇಡಿಯೇಟರಿನೊಳಗೆ ಪಾತ್ರೆಯಲ್ಲಿ ಕಟ್ಟುವಂಥದ್ದೇ ಬಿಳಿ ಪದರ ಕಟ್ಟುತ್ತದೆ.

ವೈಪರ್ ಬ್ಲೇಡ್ ಬಿಚ್ಚಿದ ಬಳಿಕ ಬರಿ ತೋಳು ಸ್ಪ್ರಿಂಗಿನ ಬಲಕ್ಕೆ ಗಾಜಿಗೆ ಬಡಿದು ಬಿರುಕು ಬಿಡಿಸುತ್ತದೆ. ಮಡಚಿದ ಟವೆಲ್ ಗಾಜಿನ ಮೇಲಿರಲಿ. ಹೆಡ್‌ಲೈಟಿನ ಎಚ್-4 ಬಲ್ಬಿನ ಮೂರು ಕಿವಿಗಳಲ್ಲಿ ಅಗಲದ್ದು ಮೇಲೆ ಬರಬೇಕು, ಇಲ್ಲದಿದ್ದರೆ ಡಿಮ್ ಕೂಡ ಎದುರಿನವರ ಕಣ್ಣಿಗೇ. ಫ್ಯೂಸ್ ಹೋದರೆ ಅದೇ ಬಣ್ಣದ್ದು ಹಾಕಿ: 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. ತಂತಿ ಸುತ್ತಿದರೆ ಸುಡುವುದು ವೈರಿಂಗ್. ತೋಟದ ಮನೆಯವರು ಏರ್ ಫಿಲ್ಟರ್ ಡಬ್ಬ ತೆರೆದಾಗ ಇಲಿ ಗೂಡು ಕಟ್ಟಿದೆಯೇ ನೋಡಿ. ಒರೆಸಿದ ಬಟ್ಟೆಯನ್ನು ಅದರಲ್ಲೇ ಬಿಟ್ಟು ಮುಚ್ಚಿ, ಪಿಕಪ್ ಇಲ್ಲ ಎಂದು ದೂರುವುದೂ ಉಂಟು.

ಎಡವಟ್ಟಾದ ಮೇಲೆ

"ನಾನೇನೂ ಮುಟ್ಟಿಲ್ಲ ಅಣ್ಣ, ತಾನಾಗೇ ನಿಂತುಹೋಯ್ತು" ಎಂದರೆ ಮೆಕ್ಯಾನಿಕ್ ಪೆಟ್ರೋಲ್ ಪಂಪಿನಿಂದ ಹುಡುಕಲು ಶುರುಮಾಡುತ್ತಾನೆ, ಅರ್ಧ ದಿನದ ಕೂಲಿ ನಿಮ್ಮ ತಲೆಗೆ. ಯಾವುದನ್ನು ಬಿಚ್ಚಿದಿರಿ, ಏನನ್ನು ಎಷ್ಟು ಹಾಕಿದಿರಿ, ಆಮೇಲೆ ಎಷ್ಟು ಹೊತ್ತು ಓಡಿಸಿದಿರಿ, ಈ ಮೂರನ್ನು ಫೋನಿನಲ್ಲೇ ಹೇಳಿ. ಬಿಚ್ಚಿದ ಹಳೆಯ ಸಾಮಾನು, ಉಳಿದ ನಟ್ಟು ಬೋಲ್ಟು ಎಸೆಯದೆ ಒಂದು ಕವರಿನಲ್ಲಿಡಿ. "ಗೇರ್ ಆಯಿಲ್ ಇಳಿಸಿಬಿಟ್ಟೆ ಅಣ್ಣ, ಎಂಜಿನ್‌ಗೆ ಮೇಲಿಂದ ಮೂರು ಲೀಟರ್ ಹಾಕಿದೀನಿ, ಒಂದು ನಿಮಿಷ ಸ್ಟಾರ್ಟ್‌ನಲ್ಲಿತ್ತು, ಗಾಡಿ ಕದಲಿಸಿಲ್ಲ" ಎಂದರೆ ನಗುತ್ತಲೇ ಎರಡು ಲೀಟರ್ ಗೇರ್ ಆಯಿಲ್, ಒಂದು ಖಾಲಿ ಕ್ಯಾನು ಹಿಡಿದು ಮನೆಗೇ ಬರುತ್ತಾನೆ.