ಬೇಟೆ ನಾಯಿ ಮನೆಯೊಳಗೋ, ಹೊರಗೋ: ನನ್ನ ಅನುಭವ

ಹಕ್ಕಿಯ ವಾಸನೆ ಹಿಡಿದು, ಅಲ್ಲೇ ನಿಂತು ತೋರಿಸುವ ಬೇಟೆ ನಾಯಿಯ ತಳಿ ಪಾಯಿಂಟರ್. ಅದರ ಮರಿಯನ್ನು ತಂದಾಗ ಅವಳಿಗೆ ಎಂಟು ವಾರ. "ಒಳಗೆ ಬಿಟ್ಕೋಬೇಡ, ಮೆತ್ತಗಾಗ್ತಾಳೆ, ಮೂಗು ಕೆಡುತ್ತೆ" ಅಂತ ಬೇಟೆಯಲ್ಲಿ ಪಳಗಿದ ಹಿರಿಯರೊಬ್ಬರು ಹೇಳಿದರು. ನಾನು ನಂಬಿದೆ. ಹಿತ್ತಲಲ್ಲಿ ದೊಡ್ಡ ಗೂಡು ಮಾಡಿಸಿದೆ. ದೊಡ್ಡದಾದಷ್ಟೂ ಒಳ್ಳೇದು ಅಂದುಕೊಂಡಿದ್ದೇ ತಪ್ಪಾಯಿತು. ಚಳಿಯಲ್ಲಿ ಗೂಡು ಬೆಚ್ಚಗಾಗುವುದು ನಾಯಿಯ ಮೈಬಿಸಿಯಿಂದಲೇ. ಎದ್ದು ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟು ಜಾಗ ಇದ್ದರೆ ಸಾಕು.

ಮೊದಲ ಚಳಿಗಾಲದ ಒಂದು ರಾತ್ರಿ ಟಾರ್ಚ್ ಹಿಡಿದು ಹೋಗಿ ನೋಡಿದೆ. ಮೂಗನ್ನು ಬಾಲದಡಿ ತೂರಿಸಿ ಮುದುಡಿಕೊಂಡಿದ್ದಳು. ಬೆನ್ನ ಮೇಲೆ ಕೈಯಿಟ್ಟರೆ ಸಣ್ಣಗೆ ನಡುಕ. ಮೊಣಕೈ ಹತ್ತಿರ ಕೂದಲು ಉದುರಿ ಚರ್ಮ ಒರಟಾಗಿತ್ತು. ಅದರಡಿ ನೀರು ತುಂಬಿದ ಹಾಗೆ ಮೆತ್ತನೆಯ ಊತ. ಗಟ್ಟಿ ನೆಲದ ಮೇಲೆ ಮಲಗಿ ಮಲಗಿ ಆಗಿದ್ದು. ವೈದ್ಯರು ಸೂಜಿ ಚುಚ್ಚಿ ನೀರು ತೆಗೆಯಲಿಲ್ಲ, ಸೋಂಕಾಗಬಹುದು ಅಂದರು. ದಪ್ಪ ಹಾಸಿಗೆ ಹಾಕಿಸಿದರು, ನಿಧಾನವಾಗಿ ಇಳಿಯಿತು. ಆ ರಾತ್ರಿಯಿಂದಲೇ ಅವಳ ಮಲಗುವ ಜಾಗ ಮನೆಯೊಳಗಾಯಿತು.

ಪಾಯಿಂಟರ್‌ಗೆ ಗಿಡ್ಡ ಕೂದಲು, ಅದರಡಿ ಬೆಚ್ಚಗಿಡುವ ಒಳಗೂದಲು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಒತ್ತಾದ ಒಳಗೂದಲಿನ ನಾಯಿಯಾಗಿದ್ದರೆ ಮಾತು ಬೇರೆ. ಅಂಥವು ಬೆಚ್ಚನೆ ಕೋಣೆಯಲ್ಲಿ ಏದುಸಿರು ಬಿಡುತ್ತಾ ಬಾಗಿಲ ಕಡೆಗೇ ನೋಡುತ್ತಿರುತ್ತವೆ.

ಇನ್ನು ಮೂಗಿನ ವಿಷಯ. ಹಿರಿಯರ ಮಾತು ಪೂರ್ತಿ ಸುಳ್ಳಲ್ಲ, ಕಾರಣ ಮಾತ್ರ ಬೇರೆ ಅಂತ ನನಗೆ ಆಮೇಲೆ ತಿಳಿಯಿತು. ಒಳಗೆ ಬಿಟ್ಟುಕೊಂಡ ಮೇಲೆ ಓಡಾಟ ಕಡಿಮೆ ಮಾಡಿದ್ದೆ, ಅವಳು ದಪ್ಪಗಾದಳು. ಬಯಲಿಗೆ ಇಳಿದ ಸ್ವಲ್ಪ ಹೊತ್ತಿಗೇ ನಾಲಿಗೆ ಹೊರಬಿತ್ತು. ಬಾಯಲ್ಲಿ ಏದುಸಿರು ಬಿಡುವ ನಾಯಿಗೆ ಸರಿಯಾಗಿ ಮೂಸಲು ಆಗಲ್ಲ. ಪೊದೆಯಲ್ಲಿದ್ದ ಹಕ್ಕಿಯನ್ನು ದಾಟಿಯೇ ಹೋದಳು! ಕೆಟ್ಟಿದ್ದು ಮೂಗಲ್ಲ, ದಮ್ಮು. ದಿನಾ ಬೆಳಗ್ಗೆ ಓಡಿಸಿ, ಊಟ ಕಡಿಮೆ ಮಾಡಿ ಮೈ ಇಳಿಸಿದೆ. ಮುಂದಿನ ಸಲ ಅದೇ ಪೊದೆಯ ಮುಂದೆ ಒಂದು ಕಾಲೆತ್ತಿ, ಬಾಲ ನೆಟ್ಟಗೆ ಮಾಡಿ, ಕಲ್ಲಿನ ಹಾಗೆ ನಿಂತಳು. ನನಗೆ ಕಣ್ಣು ತುಂಬಿ ಬಂತು.

ಮನೆಯೊಳಗೆ ಇರಿಸಿಕೊಂಡಿದ್ದರಿಂದ ಇನ್ನೊಂದು ಲಾಭವೂ ಆಯಿತು. ಇಡೀ ದಿನ ನನ್ನ ದನಿ ಕೇಳಿ ಕೇಳಿ, ಬಯಲಲ್ಲಿ ಒಂದೇ ಸಿಳ್ಳೆಗೆ ತಿರುಗುತ್ತಾಳೆ. ಮೊದಲು ಮೂರು ಸಲ ಊದಬೇಕಿತ್ತು. ಹಾಗಂತ ಗೂಡನ್ನು ಒಡೆಸಲಿಲ್ಲ. ಚಿಕ್ಕದು ಮಾಡಿಸಿ, ನೆಲದಿಂದ ಎತ್ತರಿಸಿ, ಬಾಗಿಲನ್ನು ಗಾಳಿಗೆ ಬೆನ್ನು ಮಾಡಿ ತಿರುಗಿಸಿದೆ. ಹಗಲು ಕೆಲವು ಗಂಟೆ ಅಲ್ಲಿ ನೆರಳಲ್ಲಿ ಇರುತ್ತಾಳೆ, ಪಕ್ಕದಲ್ಲೇ ನೀರು.

ಬಯಲಿಂದ ಬಂದ ದಿನ ಮಾತ್ರ ಸುಮ್ನೆ ಒಳಗೆ ಬಿಡಲ್ಲ. ಕಿವಿ, ಕಂಕುಳು, ಬೆರಳ ಸಂದು ಎಲ್ಲಾ ತಡವಿ ಉಣ್ಣಿ, ಮುಳ್ಳು ತೆಗೆಯುತ್ತೇನೆ. ಈಗ ಅವಳಿಗೇ ಗೊತ್ತು. ಹೊಸ್ತಿಲ ಮುಂದೆ ನಿಂತು ಮೊದಲು ಬಲಗಾಲು ಕೊಡುತ್ತಾಳೆ, ಆಮೇಲೆ ಎಡಗಾಲು.