ಮಳೆಗಾಲದಲ್ಲೂ ನಿಲ್ಲದ ಬಾಸ್ಕೆಟ್‌ಬಾಲ್: ಕಾರವಾರ, ಶಿರಸಿಯ ಹುಡುಗಿಯರಿಗೆ

ಮಳೆಯಲ್ಲಿ ನಮ್ಮ ಕರಾವಳಿಗೇನೂ ಕಡಿಮೆಯಿಲ್ಲದ ಕೇರಳದ ಕೋಟ್ಟಯಂನಿಂದ ಬಂದವರು ಬಾಸ್ಕೆಟ್‌ಬಾಲ್ ಆಟಗಾರ್ತಿ ಗೀತು ಅನ್ನಾ ಜೋಸ್. ದಕ್ಷಿಣ ರೈಲ್ವೆಯಲ್ಲಿ ನೌಕರಿ, ಭಾರತ ತಂಡದ ನಾಯಕತ್ವ, ಆಸ್ಟ್ರೇಲಿಯಾದ ರಿಂಗ್‌ವುಡ್ ಹಾಕ್ಸ್ ಕ್ಲಬ್, 2011ರಲ್ಲಿ ಅಮೆರಿಕದ ಮಹಿಳಾ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎ ತಂಡಗಳ ಟ್ರಯಲ್ಸ್. ಅಂಥ ದಾರಿ ಹಿಡಿಯಲು ಉತ್ತರ ಕನ್ನಡದ ಹುಡುಗಿಗೆ ದೊಡ್ಡ ಅಡ್ಡಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ. ಶಾಲಾ ಕ್ರೀಡಾಕೂಟಗಳು ಶುರುವಾಗುವುದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಹಾಗಾಗಿ ಮಳೆಗಾಲವನ್ನು ರಜೆಯೆಂದು ಬಿಡಬಾರದು.

ಮೊದಲು ಚೆಂಡು. ಹೆಣ್ಣುಮಕ್ಕಳ ಆಟಕ್ಕೆ 6ನೇ ಸೈಜು. 11 ವರ್ಷದೊಳಗಿನವರಿಗೆ 5ನೇ ಸೈಜು. ಶಾಲೆಯಲ್ಲಿರುವ ಗಂಡುಮಕ್ಕಳ 7ನೇ ಸೈಜನ್ನೇ ಕೊಟ್ಟರೆ ಭಾರಕ್ಕೆ ಮೊಣಕೈ ಹೊರಗೆ ಬಾಗಿ, ಹುಡುಗಿ ಎದೆಯಿಂದ ಎರಡೂ ಕೈಯಲ್ಲಿ ತಳ್ಳಲು ಕಲಿಯುತ್ತಾಳೆ. ಆ ಚಾಳಿ ಬಿಡಿಸಲು ವರ್ಷಗಳೇ ಬೇಕು. ಬಯಲಿನ ಅಂಗಣಕ್ಕೆ ರಬ್ಬರ್ ಚೆಂಡೇ ಸರಿ. 1.80 ಮೀಟರ್ ಎತ್ತರದಿಂದ ಬಿಟ್ಟರೆ ಅದರ ಕೆಳತುದಿ ಸುಮಾರು 1 ಮೀಟರ್ ಪುಟಿಯಬೇಕು. ಕಡಿಮೆಯಾದರೆ ಗಾಳಿ ಹಾಕಿ.

ರಿಂಗ್ ನೆಲದಿಂದ 3.05 ಮೀಟರ್, ಚಿಕ್ಕವರಿಗೆ 2.60. ಫ್ರೀ ಥ್ರೋ (ಫೌಲ್‌ಗೆ ಸಿಗುವ ಅಡ್ಡಿಯಿಲ್ಲದ ಎಸೆತ) ಗೆರೆ ಬೋರ್ಡಿನ ಮುಖದಿಂದ 4.60 ಮೀಟರ್. ಕಾರವಾರದ ಉಪ್ಪುಗಾಳಿ ಕಬ್ಬಿಣವನ್ನು ಬೇಗ ತಿನ್ನುವುದರಿಂದ ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ರಿಂಗಿನ ತುಕ್ಕು ಉಜ್ಜಿ ರೆಡ್ ಆಕ್ಸೈಡ್ ಬಳಿದು ಮೇಲೆ ಪೇಂಟ್ ಹೊಡೆಯಿರಿ. ಬೋಲ್ಟುಗಳಿಗೆ ಗ್ರೀಸ್ ಹಚ್ಚಿ. ಪಾಚಿ ಕಟ್ಟಿದ ಸಿಮೆಂಟ್ ನೆಲದಲ್ಲಿ ಆಡಿಸಲೇಬೇಡಿ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ತೊಳೆದು, ನೆಲ ಒಣಗಿದ ಮೇಲಷ್ಟೇ ಓಟ. ಶಿರಸಿ ಕಡೆ ಇನ್ನೊಂದು ತೊಡಕು: ಕೊಯ್ಲಿನ ತಿಂಗಳುಗಳಲ್ಲಿ ಮನೆಯಂಗಳವೆಲ್ಲ ಅಡಿಕೆಯದ್ದೇ. ಆಗ ಸಂಜೆ ಶಾಲೆಯ ಮೈದಾನ ಬಿಟ್ಟುಕೊಡಿ ಎಂದು ಮಾಸ್ತರರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಶೂಟಿಂಗ್ ಅಭ್ಯಾಸ ರಿಂಗಿನಿಂದ ಒಂದು ಮೀಟರ್ ದೂರದಲ್ಲಿ ಶುರುವಾಗಲಿ. ಒಂದೇ ಕೈಯಲ್ಲಿ 25 ಎಸೆತ. ಹತ್ತಕ್ಕೆ ಏಳು ಬಿದ್ದರೆ ಮಾತ್ರ ಒಂದು ಹೆಜ್ಜೆ ಹಿಂದೆ. ದಿನಕ್ಕೆ 100 ಸಾಕು, ಆದರೆ ಎಷ್ಟು ಬಿತ್ತೆಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಮೊದಲ ದಿನವೇ 6.75 ಮೀಟರಿನ ಮೂರು ಅಂಕದ ಗೆರೆಯಿಂದ ಎಸೆಯುವ ಆಸೆ ಎಲ್ಲರಿಗೂ ಇರುತ್ತದೆ. ಎಸೆತ ಕೆಡುವುದು ಅಲ್ಲೇ.

ಮಳೆ ಹಿಡಿದ ದಿನ ಜಗುಲಿಯೇ ಅಂಗಣ. ಮೊಣಕಾಲಿಗಿಂತ ಕೆಳಗೆ ಡ್ರಿಬಲ್ (ಚೆಂಡು ಪುಟಿಸುವುದು), ಕಣ್ಣು ಎದುರಿನ ಗೋಡೆಯ ಮೇಲೆ: ಪ್ರತಿ ಕೈಗೆ 30 ಸೆಕೆಂಡಿನಂತೆ ಎಂಟು ಸುತ್ತು. ಎರಡು ನಿಮಿಷದ ಸ್ಕಿಪ್ಪಿಂಗ್ ಮೂರು ಸಲ.

ಇದಕ್ಕಿಂತ ಮುಖ್ಯ ನೆಲಕ್ಕಿಳಿಯುವ ಅಭ್ಯಾಸ. ಮೊಣಕಾಲಿನ ಒಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಅಪಾಯ ಹುಡುಗಿಯರಲ್ಲಿ ಹುಡುಗರಿಗಿಂತ ಹೆಚ್ಚು, ಮತ್ತು ಅದು ಬಹಳ ಸಲ ಹರಿಯುವುದು ಯಾರೂ ತಾಗದಿದ್ದಾಗ, ಜಿಗಿದು ಇಳಿಯುವ ಅಥವಾ ಗಕ್ಕನೆ ತಿರುಗುವ ಕ್ಷಣದಲ್ಲಿ. 30 ಸೆಂಟಿಮೀಟರ್ ಎತ್ತರದ ಮೆಟ್ಟಿಲಿನಿಂದ ಎರಡೂ ಕಾಲಿಗೆ ಇಳಿಯಲಿ, ಎಂಟರಂತೆ ಮೂರು ಸಲ. ಮುಂಗಾಲು ಮೊದಲು, ಸೊಂಟ ಹಿಂದಕ್ಕೆ, ಮೊಣಕಾಲು ಪಾದದ ನೇರಕ್ಕೆ. ಎದುರಿನಿಂದ ಮೊಬೈಲ್‌ನಲ್ಲಿ ವಿಡಿಯೊ ಮಾಡಿ ನೋಡಿ: ಮಂಡಿಗಳು ಒಂದಕ್ಕೊಂದು ಹತ್ತಿರ ಬಾಗುತ್ತಿದ್ದರೆ ಮೆಟ್ಟಿಲು ತಗ್ಗಿಸಿ, ತೊಡೆಯ ಬಲ ಹೆಚ್ಚಿಸಿ. ಇದನ್ನು ವಾರಕ್ಕೆ ಮೂರು ದಿನವಾದರೂ ತಪ್ಪಿಸಬೇಡಿ.

ಬೇಗ ಏದುಸಿರು ಬಂದರೆ ಸೋಮಾರಿತನವೆಂದು ಬೈಯುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, ವೈದ್ಯರಿಗೆ ತೋರಿಸಿ. ಬಂಗಡೆ, ತಾರ್ಲೆ, ಹರಿವೆ ಸೊಪ್ಪು, ಹುರುಳಿ ಜತೆಗೆ ನಿಂಬೆಹುಳಿ ಇರಲಿ. ಊಟದ ಬೆನ್ನಿಗೇ ಚಹಾ ಬೇಡ, ಅದು ಕಬ್ಬಿಣಾಂಶ ದೇಹಕ್ಕೆ ಸೇರದಂತೆ ತಡೆಯುತ್ತದೆ. ಬೆವರಿಳಿಯುವ ಸೆಕೆಯ ದಿನಗಳಲ್ಲಿ ಉಪ್ಪು, ಬೆಲ್ಲ ಹಾಕಿದ ಮುರುಗಲ ಪಾನಕ ಒಳ್ಳೆಯದು.

ಆಯ್ಕೆಯ ಮೆಟ್ಟಿಲು ತಾಲೂಕು, ಜಿಲ್ಲೆ, ಬೆಳಗಾವಿ ವಿಭಾಗ, ರಾಜ್ಯ. ಶಿರಸಿ ಬೇರೆಯೇ ಶೈಕ್ಷಣಿಕ ಜಿಲ್ಲೆ ಎಂಬುದು ನೆನಪಿರಲಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿಗೆ ಪ್ರತ್ಯೇಕ ಆಯ್ಕೆ ಇರುತ್ತದೆ. ಅಲ್ಲಿ ಎತ್ತರ, ಓಟ, ಜಿಗಿತ ಅಳೆಯುವಾಗ ಕಾಗದಪತ್ರವನ್ನೂ ನೋಡುತ್ತಾರೆ. ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆ ಮೂರರಲ್ಲೂ ಹೆಸರು, ಹುಟ್ಟಿದ ತಾರೀಕು ಒಂದೇ ಇರಬೇಕು. ವ್ಯತ್ಯಾಸವಿದ್ದರೆ ಬೇಸಿಗೆ ರಜೆಯಲ್ಲೇ ತಿದ್ದಿಸಿ.